ಗಡ್ಡೆ ಎಷ್ಟಿದೆ ಅಂತಲ್ಲ, ಎಲ್ಲಿದೆ ಅಂತ ಕೇಳಿ

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದು ಬಿತ್ತು. ಕೆಳಗೆ ಒಂದೇ ಸಾಲು: ‘ಗರ್ಭಕೋಶದಲ್ಲಿ 4.2 ಸೆಂ.ಮೀ. ಗಡ್ಡೆ ಇದೆಯಂತೆ, ತೆಗೆಸಿಬಿಡಿ ಅಂದ್ರು.’ ತೆಗೆಸುವುದು ಗಡ್ಡೆಯನ್ನಲ್ಲ, ಗರ್ಭಕೋಶವನ್ನೇ. ಆಗ ಚಿಕ್ಕಮ್ಮನಿಗೆ 45. ತಿಂಗಳ ಮುಟ್ಟು ಎಂಟೊಂಬತ್ತು ದಿನ ಹೋಗುತ್ತಿತ್ತು, ರಕ್ತ ಕಮ್ಮಿಯಾಗಿ ಮುಖ ಬಿಳಿಚಿತ್ತು. ‘ಎರಡು ಮಕ್ಕಳಾಗಿವೆಯಲ್ಲ, ಇನ್ನು ಅದ್ಯಾಕೆ?’ ಎಂದು ಗ್ರೂಪಿನಲ್ಲಿ ಎಲ್ಲರೂ ಬರೆದರು. ಗಡ್ಡೆ ಎಲ್ಲಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಈ ಗಡ್ಡೆಗೆ ವೈದ್ಯರು ಹೇಳುವ ಹೆಸರು ಫೈಬ್ರಾಯ್ಡ್. ಗರ್ಭಕೋಶದ ಗೋಡೆಯೆಂದರೆ ದಪ್ಪನೆಯ ಸ್ನಾಯು. ಅದರ ಒಂದೇ ಒಂದು ಜೀವಕೋಶ ದಾರಿ ತಪ್ಪಿ, ಮರಿ ಹಾಕುತ್ತಾ ಹೋಗಿ ಗಂಟಾಗುತ್ತದೆ. 2011ರಲ್ಲಿ ಫಿನ್ಲೆಂಡಿನ ಸಂಶೋಧಕರು ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು 70% ಗಡ್ಡೆಗಳಿಗೆ ಮೆಡ್12 ಎಂಬ ಒಂದೇ ಜೀನಿನಲ್ಲಿ ದೋಷವಿತ್ತು. ಇದು ಕ್ಯಾನ್ಸರ್ ಅಲ್ಲ. ಫೈಬ್ರಾಯ್ಡ್ ಎಂದುಕೊಂಡದ್ದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳೇ ಇದರ ಗೊಬ್ಬರ. ಮುಟ್ಟು ನಿಂತ ಮೇಲೆ ಗೊಬ್ಬರವೂ ನಿಲ್ಲುತ್ತದೆ, ಗಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. 50 ತಲುಪುವ ಹೊತ್ತಿಗೆ ಬಹುಪಾಲು ಹೆಂಗಸರಲ್ಲಿ ಒಂದಲ್ಲ ಒಂದು ಗಡ್ಡೆ ಇರುತ್ತದೆ. ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಕಾಟ ಕೊಡುವುದು ಯಾವುದು? ಗೋಡೆಯ ಒಳಮೈಗೆ, ಗರ್ಭಕೋಶದ ಖಾಲಿ ಜಾಗದೊಳಕ್ಕೆ ಚಾಚಿಕೊಂಡದ್ದು ಒಂದು ಸೆಂಟಿಮೀಟರ್ ಇದ್ದರೂ ಧಾರಾಳ ರಕ್ತಸ್ರಾವ ಮಾಡಿಸಬಹುದು. ಹೊರಮೈಯಲ್ಲಿ, ಮರದ ಕಾಂಡಕ್ಕೆ ಹಲಸಿನಕಾಯಿ ಜೋತುಬಿದ್ದಂತೆ ಬೆಳೆದದ್ದು ಏಳೆಂಟು ಸೆಂಟಿಮೀಟರ್ ಇದ್ದರೂ ಒಮ್ಮೊಮ್ಮೆ ತೆಪ್ಪಗಿರುತ್ತದೆ. ತೀರಾ ದೊಡ್ಡದಾದರೆ ಮೂತ್ರಕೋಶ ಒತ್ತುತ್ತದೆ, ಪದೇ ಪದೇ ಬಚ್ಚಲಿಗೆ ಓಡಿಸುತ್ತದೆ. ಗೋಡೆಯ ನಡುವೆಯೇ ಹುದುಗಿರುವವು ಇವೆರಡರ ಮಧ್ಯೆ. ರಿಪೋರ್ಟಿನಲ್ಲಿ ಸಬ್‌ಮ್ಯೂಕಸ್, ಸಬ್‌ಸೀರಸ್, ಇಂಟ್ರಾಮ್ಯೂರಲ್ ಅಂತ ಇರುತ್ತದಲ್ಲ, ಅವು ಕ್ರಮವಾಗಿ ಈ ಒಳಮೈ, ಹೊರಮೈ, ನಡುವಿನ ಗಡ್ಡೆಗಳೇ. ನಾವು ಸೆಂಟಿಮೀಟರ್ ನೋಡಿ ಗಾಬರಿಯಾಗುತ್ತೇವೆ, ಪಕ್ಕದ ಪದ ಓದುವುದೇ ಇಲ್ಲ.

ಒಳಮೈಯ ಸಣ್ಣ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ತೆಳು ದುರ್ಬೀನು ಕಳಿಸಿ ಕೆರೆದು ತೆಗೆಯಬಹುದು. ರಕ್ತಸ್ರಾವವೊಂದೇ ತೊಂದರೆಯಾದರೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಗರ್ಭಕೋಶದೊಳಗೆ ಕೂರಿಸುವ, ಸ್ವಲ್ಪ ಸ್ವಲ್ಪವೇ ಹಾರ್ಮೋನು ಬಿಡುವ ಸಾಧನವೂ ಇದೆ. ಮಕ್ಕಳು ಬೇಕೆನ್ನುವವರಿಗೆ ಗಡ್ಡೆ ಮಾತ್ರ ಬಿಡಿಸಿ ಗೋಡೆಗೆ ಹೊಲಿಗೆ ಹಾಕುವ ಮಯೊಮೆಕ್ಟಮಿ. ಮುಂದೆ ಹೊಸ ಗಡ್ಡೆ ಹುಟ್ಟುವ ಸಾಧ್ಯತೆ ಇದ್ದೇ ಇರುತ್ತದೆ. ಲಂಡನ್ನಿನ ವಿಕ್ಟರ್ ಬಾನಿ ಕಳೆದ ಶತಮಾನದ ಮೊದಲರ್ಧದಲ್ಲೇ ಮಯೊಮೆಕ್ಟಮಿಗಾಗಿ ಹಟ ಹಿಡಿದಿದ್ದ ಸರ್ಜನ್. ಒಬ್ಬ ಹೆಂಗಸಿನ ಗರ್ಭಕೋಶದಿಂದ 225 ಗಡ್ಡೆ ಬಿಡಿಸಿ, ಗರ್ಭಕೋಶ ಉಳಿಸಿದ್ದ. ಮಕ್ಕಳಾಗುವ ಮೊದಲೇ ಅವನ ಹೆಂಡತಿಯ ಗರ್ಭಕೋಶ ಫೈಬ್ರಾಯ್ಡಿನಿಂದಾಗಿ ಹೋಗಿತ್ತು.

ನನಗೆ ತುಂಬಾ ಇಷ್ಟದ ಕಥೆ ಪ್ಯಾರಿಸಿನದು. ಅಲ್ಲಿನ ಝಾಕ್ ರವಿನಾ ಎಂಬ ಸ್ತ್ರೀರೋಗ ತಜ್ಞರಿಗೆ ಗಡ್ಡೆ ತೆಗೆಯುವಾಗ ಸುರಿಯುವ ರಕ್ತದ್ದೇ ಚಿಂತೆ. ಆಪರೇಷನ್ನಿಗೆ ಮೊದಲೇ ಗರ್ಭಕೋಶಕ್ಕೆ ಹೋಗುವ ರಕ್ತನಾಳವನ್ನು ಅಡ್ಡಕಟ್ಟಿದರೆ ಹೇಗೆ ಎಂದು ಯೋಚಿಸಿದರು. ತೊಡೆಸಂದಿಯ ರಕ್ತನಾಳದಿಂದ ಸಪೂರ ಕೊಳವೆ ತೂರಿಸಿ, ಎಕ್ಸ್‌ರೇ ನೋಡುತ್ತಾ ಗರ್ಭಕೋಶದವರೆಗೆ ಒಯ್ದು, ಮರಳಿನ ಕಣದಷ್ಟು ಪ್ಲಾಸ್ಟಿಕ್ ಚೂರುಗಳನ್ನು ಬಿಡುವುದು. ಆಮೇಲೆ ಆಪರೇಷನ್ನಿಗೆ ಕರೆದರೆ ಕೆಲವರು ‘ನನಗೀಗ ತೊಂದರೆಯೇ ಇಲ್ಲ, ಆಪರೇಷನ್ ಯಾಕೆ?’ ಎಂದರು! ತಯಾರಿಯೇ ಚಿಕಿತ್ಸೆಯಾಗಿತ್ತು. 1995ರಲ್ಲಿ ರವಿನಾ ತಂಡ 16 ಮಂದಿಯ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿತು. 11 ಜನಕ್ಕೆ ತೊಂದರೆ ಪೂರ್ತಿ ಹೋಗಿತ್ತು.

ನಾಳ ಕಟ್ಟಿದರೆ ಗರ್ಭಕೋಶವೇ ಸಾಯುವುದಿಲ್ಲವೇ? ಅದಕ್ಕೆ ಅಂಡಾಶಯದ ಕಡೆಯಿಂದಲೂ ರಕ್ತ ಬರುತ್ತದೆ. ದೊಡ್ಡ ಕಾಲುವೆ ನಿಂತರೂ ಪಕ್ಕದ ತೂಬಿನಿಂದ ನೀರು ಸಿಗುವ ಗದ್ದೆಯ ಹಾಗೆ. ಗಡ್ಡೆಗೆ ಆ ಅನುಕೂಲ ಕಮ್ಮಿ. ಜೊತೆಗೆ ಅದು ರಕ್ತವನ್ನು ಜಾಸ್ತಿ ಎಳೆದುಕೊಳ್ಳುವುದರಿಂದ ಚೂರುಗಳೂ ಅದರ ಕಡೆಗೇ ಹರಿಯುತ್ತವೆ. ಹಸಿದ ಗಡ್ಡೆ ತಿಂಗಳುಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಮೊದಲ ದಿನ ಚೆನ್ನಾಗಿಯೇ ನೋಯುತ್ತದೆ, ಅದನ್ನು ಮುಚ್ಚಿಡಬಾರದು. ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ ಇದನ್ನು ಮಾಡಿಸಿಕೊಂಡವರಲ್ಲಿ ಸುಮಾರು 28% ಜನ 5 ವರ್ಷದೊಳಗೆ ಕೊನೆಗೂ ಗರ್ಭಕೋಶ ತೆಗೆಸಬೇಕಾಯಿತು. ಉಳಿದವರದು ಉಳಿಯಿತು ಎಂದೂ ಓದಿಕೊಳ್ಳಬಹುದು. ಮುಂದೆ ಬಸುರಿಯಾಗಬೇಕು ಅನ್ನುವವರಿಗೆ ಸಾಮಾನ್ಯವಾಗಿ ಇದಕ್ಕಿಂತ ಮಯೊಮೆಕ್ಟಮಿಯನ್ನೇ ಹೇಳುತ್ತಾರೆ. ಎಂಆರ್‌ಐ ನೋಡುತ್ತಾ ಅಲ್ಟ್ರಾಸೌಂಡ್ ಅಲೆಗಳಿಂದ ಗಡ್ಡೆಯನ್ನು ಬೇಯಿಸುವ ವಿಧಾನಕ್ಕೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಎಲ್ಲರಿಗೂ, ಎಲ್ಲ ಊರಲ್ಲೂ ಸಿಗುವಂಥದ್ದಲ್ಲ.

ಗರ್ಭಕೋಶ ತೆಗೆಯುವುದೇ ತಪ್ಪು ಎನ್ನುತ್ತಿಲ್ಲ. ಹೊಟ್ಟೆ ತುಂಬ ಗಡ್ಡೆಗಳಿದ್ದು, ಬೇರೆ ಯಾವುದೂ ನಾಟದೆ ವರ್ಷಗಟ್ಟಲೆ ನರಳಿದವರಿಗೆ ಅದು ನಿಜವಾದ ಬಿಡುಗಡೆ. ಗಡ್ಡೆ ಮತ್ತೆ ಬರುವುದಿಲ್ಲ ಎನ್ನುವ ಖಾತ್ರಿ ಇರುವುದೂ ಅದಕ್ಕೊಂದಕ್ಕೇ. ಆದರೆ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನವರಲ್ಲಿ 3.2% ಹೆಂಗಸರಿಗೆ ಗರ್ಭಕೋಶ ಇರಲಿಲ್ಲ. ತೆಗೆಸಿಕೊಂಡಾಗ ಅವರಲ್ಲಿ ಅರ್ಧದಷ್ಟು ಜನಕ್ಕೆ 34 ಕೂಡ ದಾಟಿರಲಿಲ್ಲ. ಆಂಧ್ರದಲ್ಲಿ ಪ್ರಮಾಣ 8.9%. ನಮ್ಮ ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳು ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದರು ಎಂದು ನ್ಯಾಯ ಕೇಳಿ ಹೋರಾಡಿದರು. 2023ರಲ್ಲಿ ಸುಪ್ರೀಂ ಕೋರ್ಟ್, ಬೇಡದ ಇಂಥ ಆಪರೇಷನ್‌ಗಳಿಗೆ ತಡೆ ಹಾಕುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು.

ಚಿಕ್ಕಮ್ಮ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದರು. ಅವರು ರಿಪೋರ್ಟಿನಲ್ಲಿ ಮೊದಲು ಓದಿದ್ದು ‘ಸಬ್‌ಸೀರಸ್’ ಎಂಬ ಪದ. ‘ಹೊರಗೆ ಜೋತುಬಿದ್ದ ಗಡ್ಡೆ ಇಷ್ಟು ರಕ್ತ ಹೋಗಿಸಲ್ಲಮ್ಮ’ ಎಂದು ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಮ್ಮಿಯಿತ್ತು. ಅದು ಕಮ್ಮಿಯಾದರೂ ಮುಟ್ಟಿನ ರಕ್ತ ಜಾಸ್ತಿ ಹೋಗುತ್ತದೆ. ಮಾತ್ರೆ ಶುರುವಾಗಿ ನಾಲ್ಕೈದು ತಿಂಗಳಲ್ಲಿ ಎಲ್ಲ ಹತೋಟಿಗೆ ಬಂತು. ಹೋದ ವರ್ಷ ಮುಟ್ಟು ನಿಂತಿದೆ. ಮೊನ್ನೆ ಗ್ರೂಪಿಗೆ ಮತ್ತೊಂದು ರಿಪೋರ್ಟ್ ಬಂತು: 2.9 ಸೆಂ.ಮೀ.