ಹಬ್ಬಿನ ವಯಸ್ಸು ಹಬ್ಬಿಗಷ್ಟೇ

ಭಾನುವಾರ ಪುಣೆಯ ಜುನಾ ಬಾಜಾರಿನಲ್ಲಿ ಹಳೇ ಸೈಕಲ್ ಕೊಂಡವರು ಸೋಮವಾರ ನನ್ನ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಫೋನು, ಫೋನಿನಲ್ಲಿ ಹಿಂದಿನ ಚಕ್ರದ ಹಬ್ಬಿನ, ಅಂದರೆ ಚಕ್ರದ ನಡುವೆ ಅಚ್ಚು ಹಾಯುವ ಗುಂಬದ, ಫೋಟೋ. "ಸ್ಟರ್ಮಿ ಆರ್ಚರ್ ಸರ್, 52 ಅಂತ ಒತ್ತಿದೆ. ಅಂದ್ರೆ 1952ರ ಸೈಕಲ್, ಅಲ್ವಾ?"

ಇರಬಹುದು. ಆದರೆ ಹಬ್ಬು ಹಾಗೆ ಹೇಳುತ್ತಿಲ್ಲ.

ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬಿನ ಮೇಲೆ 52, ಜೊತೆಗೆ 4 ಎಂದಿದ್ದರೆ, ಹಬ್ಬು 1952ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾಗಿದೆ. ಹಬ್ಬು ಮಾತ್ರ. ಚಕ್ರ ಎಂಬುದು ಎರಡು ನಟ್ಟು ಬಿಚ್ಚಿದರೆ ಕೈಗೆ ಬರುವ ಸಾಮಾನು. ಎಪ್ಪತ್ತರ ದಶಕದ ಲೂಧಿಯಾನಾ ಫ್ರೇಮಿಗೆ ಅದನ್ನು ಕೂಡಿಸಿ ನಿಲ್ಲಿಸಿದರೆ ಫ್ರೇಮಿಗೆ ಇಪ್ಪತ್ತು ವರ್ಷ ಹೆಚ್ಚಾಗುತ್ತದೆಯೇ? ಬಾಡಿಗೆದಾರನ ಜನ್ಮಪತ್ರ ನೋಡಿ ಮನೆ ಯಾವಾಗ ಕಟ್ಟಿದ್ದು ಅಂತ ಯಾರೂ ಹೇಳುವುದಿಲ್ಲ. ಸೈಕಲ್ ವಿಷಯಕ್ಕೆ ಬಂದಾಗ ಓದಿದವರೂ ಅದನ್ನೇ ಮಾಡುತ್ತಾರೆ.

ಫ್ರೇಮ್ ನಂಬರ್ ಹಿಡಿದು ಬರುವವರದು ಇನ್ನೊಂದು ರೀತಿ. ಮುಂದಿನ ಬಿಲ್ಲೆಯಲ್ಲಿ, ಅಂದರೆ ಮೊನೋಗ್ರಾಮಿನಲ್ಲಿ, ಇಂಗ್ಲಿಷ್ ಸೈಕಲ್ ಕಂಪನಿ ರ‍್ಯಾಲಿ ಕಂಡರೆ ಸಾಕು, ಯಾವ ನಂಬರು ಯಾವ ವರ್ಷದ್ದು ಎಂಬ ಇಂಗ್ಲೆಂಡಿನ ಪಟ್ಟಿ ತೆಗೆಯುತ್ತಾರೆ. ಆದರೆ ನಮ್ಮ ದೇಶದ ಸೆನ್ ರ‍್ಯಾಲಿ ತಯಾರಾಗಿದ್ದು ಬಂಗಾಳದ ಆಸನ್ಸೋಲಿನಲ್ಲಿ. ಆ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಾಟಿಂಗ್‌ಹ್ಯಾಮಿನದೇ ಆದರೂ ಅಕ್ಷರ-ಅಂಕಿಗಳ ಸರಣಿ ಮರಳಿ ಬಂದಿರುವುದುಂಟು. ನಾನು ಪೆಡಲ್ ಅಚ್ಚು ಕೂರುವ ಅಡ್ಡ ಕೊಳವೆಯ ಥ್ರೆಡ್ ಎಣಿಸುತ್ತೇನೆ. ನಾಟಿಂಗ್‌ಹ್ಯಾಮ್ ರ‍್ಯಾಲಿಯಲ್ಲಿ ಸಾಮಾನ್ಯವಾಗಿ ಇಂಚಿಗೆ 26, ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ 24. ಇದು ವರ್ಷ ಹೇಳುವುದಿಲ್ಲ, ಸುಳ್ಳು ಮೊನೋಗ್ರಾಮಿನ ಮೇಲೆ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ಹಬ್ಬು, ರಿಮ್ಮು, ಕ್ರ್ಯಾಂಕು, ಚೈನ್ ಕವರ್ ಎಲ್ಲವೂ ಒಂದೆರಡು ವರ್ಷದ ಆಚೆ ಈಚೆ ನಿಂತರೆ ಮಾತ್ರ ನಾನು ಬಾಯಿ ಬಿಡುವುದು. (ದಯವಿಟ್ಟು ತರುವ ಮೊದಲು ಪಾಲಿಶ್ ಪೇಪರ್ ಹಾಕಿ ಉಜ್ಜಬೇಡಿ. ಹಳೇ ಬಣ್ಣದ ಪದರಗಳೇ ನನ್ನ ಅರ್ಧ ಸಾಕ್ಷಿ.)

ಪುಣೆಯ ಕೋಥ್ರೂಡಿನಲ್ಲಿರುವ ಧಾರವಾಡದ ಹಿರಿಯರೊಬ್ಬರು ಸೈಕಲ್ ತಂದಿದ್ದರು. "ನಮ್ಮ ಅಪ್ಪಾರದುರೀ. ನಾ ಸಣ್ಣವ ಇದ್ದಾಗಿಂದ ಐತಿ. ಹಬ್ಬಿನ ಮ್ಯಾಲ 61 ಅದ, ಕೊಳ್ಳಾಕ ಕೇಳಿದವ 1961ರದು ಅಂದಾನ. ನನಗ ಸಿಟ್ಟು ಬಂತು." ಹಬ್ಬು ಒರೆಸಿದೆ: 61, 8. ಆಗಸ್ಟ್.

"ಮನೆಯಲ್ಲಿ ಹಳೇ ಫೋಟೋ ಇದೆಯಾ ಕಾಕಾ?" ಅಂದೆ. ಮರುದಿನ ತಂದರು. ಹಿಂಬದಿಯಲ್ಲಿ ಶಾಯಿಯಲ್ಲಿ 1956. ಅಪ್ಪ ಸೈಕಲ್ ಹಿಡಿದು ನಿಂತಿದ್ದಾರೆ. ದೀಪ ಸಿಕ್ಕಿಸುವ ಕೊಂಡಿ ಎಡಕ್ಕೆ ಬಾಗಿದೆ. ಅಂಗಡಿಯಲ್ಲಿ ನಿಂತಿದ್ದ ಸೈಕಲ್ಲಿನದೂ ಅಷ್ಟೇ ಬಾಗಿತ್ತು. ಆದರೆ ಫೋಟೋದ ಹ್ಯಾಂಡಲಿನಲ್ಲಿ ಗೇರಿನ ಲಿವರ್ ಇಲ್ಲ, ಕೇಬಲ್ಲೂ ಇಲ್ಲ. ಗೇರಿನ ಹಬ್ಬು ಆಮೇಲೆ ಬಂದದ್ದು.

"ಆಮೇಲೆ ಅಂದ್ರ..." ಅಂದು ಸುಮ್ಮನಾದರು. ಆಮೇಲೆ ತಾವೇ ಹೇಳಿದರು: ಆಗ ನಾರಾಯಣ ಪೇಠೆಯಲ್ಲಿದ್ದರಂತೆ. 1961ರ ಜುಲೈ 12ಕ್ಕೆ ಪಾನ್‌ಶೆತ್ ಅಣೆಕಟ್ಟು ಒಡೆದು ಮುಠಾ ನದಿ ಊರೊಳಗೆ ನುಗ್ಗಿದಾಗ ಸೈಕಲ್ ಕೆಸರಲ್ಲಿ ಹೂತಿತ್ತು, ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಎಂದೋ ಒಂದು ಚಕ್ರ ಕಳಿಸಿದ್ದ.

ನಾನು ಚೀಟಿಯಲ್ಲಿ ಬರೆದುಕೊಟ್ಟೆ: ಫ್ರೇಮ್, 1956 ಅಥವಾ ಅದಕ್ಕೂ ಮೊದಲು. ಹಿಂದಿನ ಹಬ್ಬು, ಆಗಸ್ಟ್ 1961. ಅವರು ಓದಿ, "ಪಾನ್‌ಶೆತ್ ಅಂತನೂ ಬರೀರಲಾ" ಅಂದರು. ಬರೆದೆ, ಪೆನ್ಸಿಲಿನಲ್ಲಿ.