ಈಸ್ಟ್ರೋಜನ್: ಮಾತ್ರೆ ನುಂಗುವುದಾ, ಚರ್ಮಕ್ಕೆ ಹಚ್ಚುವುದಾ?

ಪ್ರಶ್ನೆ: ಮುಟ್ಟು ನಿಂತ ಮೇಲೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುತ್ತದೆ, ರಾತ್ರಿ ನಿದ್ದೆ ಇಲ್ಲ. ಹಾರ್ಮೋನ್ ಚಿಕಿತ್ಸೆ ಶುರು ಮಾಡೋಣ ಎಂದಿದ್ದಾರೆ ಡಾಕ್ಟರ್. ಮಾತ್ರೆ ಒಳ್ಳೆಯದಾ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಒಳ್ಳೆಯದಾ? ಎರಡರಲ್ಲೂ ಇರುವುದು ಈಸ್ಟ್ರೋಜನ್ ಎಂಬ ಹಾರ್ಮೋನೇ ಅಲ್ವಾ?

ಉತ್ತರ: ಹೌದು, ಎರಡರಲ್ಲೂ ಈಸ್ಟ್ರೋಜನ್ನೇ. ಬೆವರು, ನಿದ್ದೆಗೇಡು ಕಡಿಮೆ ಮಾಡುವುದರಲ್ಲೂ ಎರಡೂ ಸರಿಸುಮಾರು ಸಮ. ಬೇರೆಯಾಗುವುದು ಅದು ಮೈಯೊಳಗೆ ಹೋಗುವ ದಾರಿ.

ನುಂಗಿದ ಮಾತ್ರೆ ಕರುಳಿನಿಂದ ನೇರವಾಗಿ ಲಿವರ್‌ಗೆ ಹೋಗುತ್ತದೆ. ಅಲ್ಲಿ ಹೆಚ್ಚಿನ ಪಾಲು ಎಸ್ಟ್ರೋನ್ ಎಂಬ ದುರ್ಬಲ ರೂಪಕ್ಕೆ ತಿರುಗುತ್ತದೆ. ಹಾಗೇ ಉಳಿದು ರಕ್ತ ಸೇರುವುದು ಸ್ವಲ್ಪವೇ. ಅದಕ್ಕೇ ಮಾತ್ರೆಯಲ್ಲಿ 1 ಮಿಲಿಗ್ರಾಂ ಎಸ್ಟ್ರಾಡಿಯೋಲ್ (ಈಸ್ಟ್ರೋಜನ್ನಿನ ಮುಖ್ಯ ರೂಪ) ಕೊಟ್ಟರೆ ಆಗುವ ಕೆಲಸ, ದಿನಕ್ಕೆ 50 ಮೈಕ್ರೋಗ್ರಾಂ ಬಿಡುವ ಪ್ಯಾಚ್‌ನಿಂದ ಹೆಚ್ಚುಕಡಿಮೆ ಆಗಿಬಿಡುತ್ತದೆ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು! ಚರ್ಮದಿಂದ ಹೋದದ್ದು ಲಿವರ್‌ನ ಬಾಗಿಲು ತಟ್ಟದೆ ಮೊದಲೇ ರಕ್ತ ಸೇರುತ್ತದೆ.

ವ್ಯರ್ಥವಾಗುವುದು ಸಣ್ಣ ಮಾತು. ಲಿವರ್ ಸುಮ್ನೆ ಕೂರುವುದಿಲ್ಲ ಎನ್ನುವುದೇ ದೊಡ್ಡದು. ಅಷ್ಟೊಂದು ಈಸ್ಟ್ರೋಜನ್ ಒಟ್ಟಿಗೆ ಬಂದಾಗ ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಅದು ಜಾಸ್ತಿ ತಯಾರಿಸುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯ ಇಲ್ಲಿಂದ ಬರುತ್ತದೆ. ಫ್ರಾನ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಎಸ್ತರ್ ಎಂಬ ಅಧ್ಯಯನದಲ್ಲಿ, ಹಾರ್ಮೋನ್ ತೆಗೆದುಕೊಳ್ಳದವರಿಗೆ ಹೋಲಿಸಿದರೆ ಮಾತ್ರೆ ತೆಗೆದುಕೊಂಡವರಲ್ಲಿ ಈ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತು. ಚರ್ಮದ ಮೂಲಕ ತೆಗೆದುಕೊಂಡವರಲ್ಲಿ ಹೆಚ್ಚಳವೇ ಕಾಣಲಿಲ್ಲ. 2019ರಲ್ಲಿ ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದಾಗಲೂ ಇದೇ ಚಿತ್ರ ಸಿಕ್ಕಿತು. ನಾಲ್ಕು ಪಟ್ಟು ಎಂದ ಕೂಡಲೇ ಗಾಬರಿ ಬೇಡ. ಐವತ್ತರ ಆಸುಪಾಸಿನ ಆರೋಗ್ಯವಂತ ಹೆಂಗಸಿಗೆ ಈ ಅಪಾಯ ಮೊದಲೇ ತೀರಾ ಕಡಿಮೆ. ಕಡಿಮೆಯದ್ದರ ನಾಲ್ಕು ಪಟ್ಟೂ ಕಡಿಮೆಯೇ.

ಆದರೆ ತೂಕ ಜಾಸ್ತಿ ಇದ್ದವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದವರು, ಕಣ್ಣ ಮುಂದೆ ಮಿಂಚು ಕಾಣಿಸುವ ಥರದ ಮೈಗ್ರೇನ್ ತಲೆನೋವು ಇರುವವರು ಹಾಗೆ ಅಂದುಕೊಳ್ಳುವಂತಿಲ್ಲ. ಇಂಥವರಿಗೆ ಹಾರ್ಮೋನ್ ಕೊಡುವುದೇ ಆದರೆ ಡಾಕ್ಟರ್‌ಗಳು ಸಾಮಾನ್ಯವಾಗಿ ಚರ್ಮದ ದಾರಿಯನ್ನೇ ಹಿಡಿಯುತ್ತಾರೆ. ಪಿತ್ತಕೋಶದ ಕಲ್ಲಿನ ತೊಂದರೆ ಇದ್ದವರಿಗೂ ಅದೇ ವಾಸಿ. ಥೈರಾಯ್ಡ್ ಮಾತ್ರೆ ನುಂಗುವವರು ಇನ್ನೊಂದು ವಿಷಯ ಗಮನಿಸಬೇಕು. ಈಸ್ಟ್ರೋಜನ್ ಮಾತ್ರೆ ಶುರುವಾದ ಮೇಲೆ ಥೈರಾಯ್ಡ್ ಡೋಸ್ ಸಾಲದೆ ಹೋಗಬಹುದು. ಕೆಲವು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ನೋಡಿಸಿಕೊಳ್ಳಿ. ಪ್ಯಾಚ್‌ನಲ್ಲಿ ಈ ತಾಪತ್ರಯ ಸಾಮಾನ್ಯವಾಗಿ ಇಲ್ಲ.

ಹಾಗಂತ ಮಾತ್ರೆಯನ್ನು ಹಳಿಯುವ ಅಗತ್ಯವೂ ಇಲ್ಲ. ಕೆಟ್ಟ ಕೊಲೆಸ್ಟ್ರಾಲ್ ಇಳಿಸುವುದರಲ್ಲಿ, ಒಳ್ಳೆಯದನ್ನು ಏರಿಸುವುದರಲ್ಲಿ ಅದೇ ಸ್ವಲ್ಪ ಮುಂದು. ನುಂಗಿದರೆ ಮುಗಿಯಿತು. ಪ್ಯಾಚ್ ಕೆಲವರಿಗೆ ತುರಿಕೆ ತರುತ್ತದೆ, ಬೆವರಿಗೆ ಕಿತ್ತು ಬರುತ್ತದೆ. ವಾರಕ್ಕೆ ಒಂದೋ ಎರಡೋ ಸಲ ಜಾಗ ಬದಲಿಸಿ ಅಂಟಿಸಬೇಕು. ಎದೆಯ ಮೇಲೆ ಮಾತ್ರ ಬೇಡ. ಜೆಲ್ ಆದರೆ ದಿನಾ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಕೈ ತೊಳೆಯಬೇಕು. ಹಚ್ಚಿದ ಜಾಗ ಮಗುವಿನ ಮೈಗೆ ತಾಗಿದರೆ ಹಾರ್ಮೋನ್ ಅದಕ್ಕೂ ದಾಟಬಹುದು. ಇದು ಹೆದರಿಸಲು ಹೇಳುವ ಮಾತಲ್ಲ, ನಿಜವಾಗಿಯೂ ಆಗಿದೆ.

ಹೆಚ್ಚು ಜನ ಎಡವುವುದು ಇನ್ನೊಂದು ಕಡೆ. ಗರ್ಭಕೋಶ ಇದ್ದವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಅಥವಾ ಆ ಬಗೆಯ ಇನ್ನೊಂದು ಔಷಧಿ ಜೊತೆಗೆ ಬೇಕು. ಪ್ಯಾಚ್ ಹಾಕಿದ್ದೀನಲ್ಲ, ಈ ಮಾತ್ರೆ ಯಾಕೆ ಎಂದು ಅದನ್ನು ಬಿಟ್ಟುಬಿಡಬೇಡಿ. ಈಸ್ಟ್ರೋಜನ್ ಯಾವ ದಾರಿಯಲ್ಲಿ ಬಂದರೂ ಗರ್ಭಕೋಶಕ್ಕೆ ಅದು ಈಸ್ಟ್ರೋಜನ್ನೇ.