ಹುಳಹಾವೆಂದು ಕೈಯಲ್ಲಿ ಎತ್ತುವ ಮುನ್ನ ಬಾಲ ನೋಡಿ

ಹೂಕುಂಡ ಸರಿಸಿದಾಗ ಪೆನ್ಸಿಲ್‌ಗಿಂತ ತೆಳ್ಳಗಿನ ಹಾವು ಕಂಡರೆ ‘ಹುಳಹಾವು, ಏನೂ ಮಾಡಲ್ಲ’ ಎಂದು ಎತ್ತಿ ಆಚೆ ಬಿಡುವವರೇ ಹೆಚ್ಚು. ಸಾಮಾನ್ಯವಾಗಿ ಅದು ಹುಳಹಾವೇ. ಆದರೆ ಹುಳಹಾವುಗಳನ್ನು ಹಿಡಿದು ತಿನ್ನುವ ತೆಳು ಹವಳದ ಹಾವು ಕೂಡ ಅದೇ ಸಡಿಲ ಮಣ್ಣು, ತರಗೆಲೆ, ಕಲ್ಲಿನಡಿ ಇರುತ್ತದೆ. ಶಾಸ್ತ್ರೀಯ ಹೆಸರು ಕ್ಯಾಲಿಯೋಫಿಸ್ ಮೆಲನುರಸ್. ನಾಗರ, ಕಟ್ಟುಹಾವುಗಳ ಕುಟುಂಬದ್ದು. ಬೆಳೆದದ್ದೂ ಸುಮಾರು 35 ಸೆಂ.ಮೀ. ಅಷ್ಟೇ.

ಹುಳಹಾವಿನ ಮೈಯೆಲ್ಲ ಒಂದೇ ಬಣ್ಣ, ತಲೆ ಯಾವುದು ಬಾಲ ಯಾವುದು ತಿಳಿಯದು. ಹವಳದ ಹಾವಿಗೆ ತಲೆ, ಕತ್ತು ಕಪ್ಪು, ಅದರ ಮೇಲೆ ಹಳದಿ ಮಚ್ಚೆ, ಮೈ ತಿಳಿಕಂದು, ಬಾಲದ ಬುಡದಲ್ಲೊಂದು, ತುದಿಯ ಬಳಿ ಇನ್ನೊಂದು ಕಪ್ಪು ಪಟ್ಟಿ. ಹವಳದ ಬಣ್ಣ ಇರುವುದು ಹೊಟ್ಟೆಗೆ, ಮೇಲಿನಿಂದ ಕಾಣಿಸುವುದೇ ಇಲ್ಲ. ಕೆಣಕಿದರೆ ಬಾಲ ಸುರುಳಿ ಸುತ್ತಿ, ಅದರಡಿಯ ನೀಲಿಬೂದು ಬಣ್ಣ ತೋರಿಸುತ್ತದೆ. ಎಲ್ಲರ ಕಣ್ಣೂ ಬಾಲದ ಮೇಲೆ, ತಲೆ ಮಾತ್ರ ಸುರುಳಿಯೊಳಗೆ! ಕಪ್ಪುತಲೆಯ ವಿಷರಹಿತ ಹಾವೊಂದೂ ಇದನ್ನು ಹೋಲುತ್ತದೆ. ಅದಕ್ಕೆ ಬಾಲದ ಪಟ್ಟಿಗಳಿಲ್ಲ. ಸತ್ತ ಹಾವಾದರೆ ಭೂತಗನ್ನಡಿ ಹಿಡಿಯಿರಿ: ಹವಳದ ಹಾವಿನ ಮೇಲ್ದುಟಿಯ ಮೂರನೇ ಹುರುಪೆ ಒಂದು ಕಡೆ ಕಣ್ಣಿಗೆ, ಇನ್ನೊಂದು ಕಡೆ ಮೂಗಿನ ಹುರುಪೆಗೆ ತಾಗಿರುತ್ತದೆ.

ಇಕ್ಕಳ, ಕೊಕ್ಕೆ ಬೇಡ. ಇಷ್ಟು ತೆಳು ಮೈಗೆ ಇಕ್ಕಳ ಬಿದ್ದರೆ ಬೆನ್ನೆಲುಬೇ ಹೋಗುತ್ತದೆ. ಅಗಲ ಬಾಯಿಯ ಡಬ್ಬ ಅಡ್ಡ ಮಲಗಿಸಿ, ಉದ್ದ ಹಿಡಿಕೆಯ ಪೊರಕೆಯಿಂದ ಮೆಲ್ಲಗೆ ಒಳಗೆ ತಳ್ಳಿ. ಮುಚ್ಚಳದ ತೂತು ಸೂಜಿಮೊನೆಯಷ್ಟಿದ್ದರೆ ಸಾಕು, ದೊಡ್ಡದಾದರೆ ನುಸುಳಿಬಿಡುತ್ತದೆ. ಒಂದು ಹಿಡಿ ಒದ್ದೆ ಮಣ್ಣು ಹಾಕಿಡಿ, ಒಣಗಿದರೆ ಸೊರಗುತ್ತದೆ.

ಬಾಯಿ ಕಿರಿದು, ಹಲ್ಲು ಗಿಡ್ಡ. ಹಾಗಾಗಿ ಕಡಿತ ಅಪರೂಪ, ಕಚ್ಚಿದರೆ ಹೆಚ್ಚಾಗಿ ಊತ, ತುರಿಕೆ. ಹಾಗೆಂದು ಮನೆಯಲ್ಲಿ ಕಾಯಬೇಡಿ. ಕಟ್ಟು ಬಿಗಿಯುವುದು, ಕುಯ್ಯುವುದು ಬೇಡ. ಕೈ ಅಲುಗಿಸದೆ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಹವಳದ ಹಾವು ಅದರಲ್ಲಿಲ್ಲ. ಕೊಟ್ಟರೆ ಗುಣಕ್ಕಿಂತ ಅಲರ್ಜಿಯ ಅಪಾಯವೇ ಮುಂದೆ. ಆದ್ದರಿಂದ ಬಾಲದ ಪಟ್ಟಿ ಕಾಣುವಂತೆ, ದೂರದಿಂದಲೇ ತೆಗೆದ ಒಂದು ಫೋಟೊ ವೈದ್ಯರಿಗೆ ಬಹಳ ನೆರವಾಗುತ್ತದೆ. ಗುರುತು ಖಚಿತವಿಲ್ಲದಿದ್ದರೆ ಕಟ್ಟುಹಾವೆಂದೇ ಭಾವಿಸಿ 24 ಗಂಟೆ ನಿಗಾದಲ್ಲಿ ಇಡುತ್ತಾರೆ. ರೆಪ್ಪೆ ಜೋತುಬಿದ್ದರೆ, ಎಂಜಲು ನುಂಗಲು ಕಷ್ಟವಾದರೆ ಕೂಡಲೇ ಹೇಳಿ.